ವಾಣೀನಗರದ ಡಾಕ್ಟ್ರು

ಪಡ್ರೆಯ ಕತೆ ಹೇಳಿ ಎಂದು ಮಕ್ಕಳು ಒಲೆಯ ಮುಂದೆ ಕೂತು ಕೇಳುವಾಗ ಅವರಿಗೆ ಬೇಕಾದದ್ದು ಹೆಲಿಕಾಪ್ಟರಿನ ಕತೆ. ಅದು ಯಾವ ದಿಕ್ಕಿನಿಂದ ಬಂತು, ಎಷ್ಟು ಕೆಳಗೆ ಹಾರಿತು, ಮದ್ದು ಹೇಗೆ ಸುರಿಯಿತು, ಇವೇ ಪ್ರಶ್ನೆಗಳು. ಅದನ್ನು ಹೇಳದೆ ಬಿಡುವುದಿಲ್ಲ. ಆದರೆ ನನಗೆ ಆ ಕತೆ ಅಂದ ಕೂಡಲೇ ನೆನಪಾಗುವುದು ವಾಣೀನಗರದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ ಕುಮಾರ್. ಅವರಿಲ್ಲದೆ ಹೋಗಿದ್ದರೆ ಹೆಲಿಕಾಪ್ಟರಿನ ಕತೆ ಕತೆಯಾಗಿ ಉಳಿಯುತ್ತಲೂ ಇರಲಿಲ್ಲ. ಹಳ್ಳಿಮನೆಗಳ ಒಳಕೋಣೆಗಳಲ್ಲಿ ಮಲಗಿದ್ದ ಮಕ್ಕಳ ಜೊತೆ ಅದೂ ಮುಚ್ಚಿಹೋಗುತ್ತಿತ್ತು.

ಊರನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ಕಾಸರಗೋಡಿನಿಂದ ಬದಿಯಡ್ಕ ದಾಟಿ ಪೆರ್ಲಕ್ಕೆ ಬರಬೇಕು. ಅಲ್ಲಿಂದ ಒಳಗೆ ಹೋದರೆ ಸ್ವರ್ಗ, ವಾಣೀನಗರ. ಸ್ವರ್ಗ ಅನ್ನುವುದು ಊರಿನ ಹೆಸರೇ, ನಾನು ಹೊಗಳುತ್ತಿರುವುದಲ್ಲ. ಇವೆರಡೂ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯ ಭಾಗಗಳು. ಗುಡ್ಡೆ ಹತ್ತಿ ಆಚೆ ಇಳಿದರೆ ಪುತ್ತೂರು ತಾಲೂಕು, ಕರ್ನಾಟಕ. ಮನೆಯೊಳಗೆ ಹವ್ಯಕ ಕನ್ನಡವೋ ತುಳುವೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಸರಕಾರಿ ಕಾಗದದಲ್ಲಿ ಮಲಯಾಳ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ನಾವು ಕೇರಳದ ಪಾಲಾದೆವು. ಅಲ್ಲಿಂದ ಮುಂದೆ ತಿರುವನಂತಪುರದ ಕಿವಿಗೆ ನಮ್ಮ ಮಾತು ಮುಟ್ಟಬೇಕಾದರೆ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ, ಅದೂ ಬೇರೆ ಭಾಷೆಯಲ್ಲಿ, ಕೂಗಬೇಕಾಯಿತು.

ಗುಡ್ಡೆಯ ತಲೆಯಲ್ಲಿ ಮುರಕಲ್ಲಿನ ಪದವು, ಬುಡದಲ್ಲಿ ಬೈಲು. ಬೈಲಿನಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಮನೆ. ಕುಡಿಯುವ ನೀರಿಗೆ ಸುರಂಗ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಗುಡ್ಡೆಯ ಮೈಯನ್ನು ಪಿಕ್ಕಾಸಿನಲ್ಲಿ ಅಡ್ಡಲಾಗಿ ಕೊರೆಯುತ್ತಾ ಹೋಗುತ್ತಾರೆ. ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ, ಹೆಗಲು ತಾಗದಷ್ಟು ಅಗಲ. ಒಳಗೆ ಉರಿಯುವ ಮೊಂಬತ್ತಿಯೇ ಬೆಳಕು, ಅದು ಮಂಕಾದರೆ ಉಸಿರಿಗೆ ಗಾಳಿ ಸಾಲದು ಎಂದು ಹೊರಗೆ ಬರಬೇಕು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಎಲ್ಲೋ ಒಂದು ಕಡೆ ಕಲ್ಲು ಬೆವರತೊಡಗುತ್ತದೆ, ಬೆವರು ಹನಿಯಾಗುತ್ತದೆ, ಹನಿ ಕೂಡಿ ಕಾಲಡಿಯಲ್ಲಿ ಹರಿಯುತ್ತದೆ. ಪಂಪು ಬೇಡ, ಹಗ್ಗ ಬೇಡ. ಹಿಂದೆಲ್ಲ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಆ ನೀರು ಅಡುಗೆಮನೆಯ ಹಂಡೆಗೇ ಬಂದು ಬೀಳುತ್ತಿತ್ತು. ಅಂದರೆ ನಾವು ಕುಡಿಯುತ್ತಿದ್ದದ್ದು ಗುಡ್ಡೆಯ ತಲೆಯ ಮೇಲೆ ಬಿದ್ದು ಒಳಗೆ ಇಂಗಿದ ನೀರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಆ ಗುಡ್ಡೆಯ ತಲೆಗಳ ಮೇಲೆ 1960ರ ದಶಕದಲ್ಲಿ ಸರಕಾರ ಗೇರು ನೆಡಿಸಿತು. ಮುಂದೆ ಅದು ಸರಕಾರದ್ದೇ ನಿಗಮವೊಂದರ ಕೈಗೆ ಹೋಯಿತು. ಜಿಲ್ಲೆಯಾದ್ಯಂತ ಇಂಥ ತೋಟಗಳು 4,600 ಹೆಕ್ಟೇರಿಗಿಂತ ಹೆಚ್ಚು. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಎಂಬ ಕೀಟ ರಸ ಹೀರುತ್ತದೆ, ಹೂಗೊನೆ ಕರಟುತ್ತದೆ. ಅದಕ್ಕೆ ಎಂಡೋಸಲ್ಫಾನ್. 1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮದ್ದು ಇದು, ಡಿಡಿಟಿಯ ಬಳಗದ್ದು. ಮರ ಮರಕ್ಕೂ ಆಳು ಹತ್ತಿಸಿ ಬಿಡುವುದು ದುಬಾರಿ ಎಂದು 1970ರ ದಶಕದ ಕೊನೆಯ ವರ್ಷಗಳಲ್ಲಿ ಹೆಲಿಕಾಪ್ಟರು ಬಂತು.

ಮಕ್ಕಳಾಗಿದ್ದ ನಮಗೆ ಅದೊಂದು ಜಾತ್ರೆ. ಶಾಲೆಯ ಮಾಡಿನ ಮೇಲಿಂದಲೇ ಸದ್ದು. ಮಾಸ್ತರರು ಬೇಡ ಅನ್ನುವ ಮೊದಲೇ ಅಂಗಳದಲ್ಲಿ ನಾವೆಲ್ಲ ಮುಖ ಮೇಲೆ ಮಾಡಿ ನಿಂತಾಗಿರುತ್ತಿತ್ತು. ಅದು ಗುಡ್ಡೆಯಿಂದ ಗುಡ್ಡೆಗೆ ಹೋಗುವಾಗ ಹಿಂದಿನಿಂದ ಬಿಳಿ ಮಂಜು ಇಳಿಯುತ್ತಿತ್ತು. ಮರದ ತಲೆಗೆ ತಾಗುವಷ್ಟು ಕೆಳಗೆ ಹಾರಿ ಬಿಡಬೇಕು ಎಂಬುದು ನಿಯಮ. ಆದರೆ ನಮ್ಮಲ್ಲಿ ನೆಲ ಸಮತಟ್ಟಾಗಿ ಎಲ್ಲಿದೆ? ಒಂದು ಕಡೆ ಏರು, ಇನ್ನೊಂದು ಕಡೆ ಹೊಂಡ, ನಡುವೆ ವಿದ್ಯುತ್ ತಂತಿ. ಎತ್ತರದಿಂದ ಬಿಟ್ಟ ಮದ್ದು ಗಾಳಿ ಹೋದತ್ತ ಹೋಗಿ, ಬೈಲಿನ ಮೇಲೆ, ಒಣಹಾಕಿದ ಅಡಿಕೆಯ ಮೇಲೆ, ಹಟ್ಟಿಯ ಹುಲ್ಲಿನ ಮೇಲೆ ಕೂರುತ್ತಿತ್ತು. ಬಾವಿ ಮುಚ್ಚಿ ಎಂದು ಮೊದಲೇ ತಿಳಿಸುವ ಕ್ರಮವಿತ್ತು. ಬಾವಿಗೆ ಸೋಗೆ ಮುಚ್ಚಬಹುದು. ಸುರಂಗಕ್ಕೆ ಏನು ಮುಚ್ಚುತ್ತೀರಿ? ಗುಡ್ಡೆಗೇ ಚಪ್ಪರ ಹಾಕಬೇಕು. ಮದ್ದು ಬಿಡುವ ಡಿಸೆಂಬರ್ ತಿಂಗಳೇ ತೋಡಿಗೆ ಕಟ್ಟ ಕಟ್ಟುವ ಹೊತ್ತು ಕೂಡ. ಊರವರೆಲ್ಲ ಕೂಡಿ ಕಲ್ಲು, ಮಣ್ಣು, ಸೊಪ್ಪು ಪೇರಿಸಿ ನೀರು ನಿಲ್ಲಿಸುತ್ತಿದ್ದರು. ಹರಿದು ಹೋಗಬಹುದಾಗಿದ್ದ ವಿಷವೂ ಆ ಕಟ್ಟದಲ್ಲಿ ನಿಂತಿತು. ಕೆಲವು ದಿನ ಕಳೆದ ಮೇಲೆ ತೋಡಿನಲ್ಲಿ ಮೀನು ಮೊಗಚಿ ತೇಲುವುದು, ಜೇನುಪೆಟ್ಟಿಗೆ ಬರಿದಾಗುವುದು, ಕಪ್ಪೆಯ ಸದ್ದು ಅಡಗುವುದು, ಇವೆಲ್ಲ ಹಿರಿಯರ ಗಮನಕ್ಕೆ ಬರುತ್ತಿದ್ದವು. ಮಾತಾಡಿಕೊಳ್ಳುತ್ತಿದ್ದರು, ಸುಮ್ಮನಾಗುತ್ತಿದ್ದರು.

ಸುಮ್ಮನಾಗದವರು ಒಬ್ಬರಿದ್ದರು. ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಮುಂದೆ ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ, ಮಳೆಕೊಯ್ಲಿನ ಮಾತನ್ನು ಮನೆಮನೆಗೆ ಮುಟ್ಟಿಸಿದವರಾಗಿ ಕನ್ನಡಿಗರಿಗೆಲ್ಲ ಪರಿಚಿತರು. 1979ರ ಸುಮಾರಿಗೆ ಊರಿನಲ್ಲಿ ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದ್ದನ್ನು ನೋಡಿ ಅವರು ಗೇರು ತೋಟದ ಮದ್ದಿನ ಮೇಲೆ ಬೊಟ್ಟು ಮಾಡಿ ಬರೆದರು. ಆಗ ಅದನ್ನು ಓದಿದವರಿದ್ದರು, ಮುಂದಕ್ಕೆ ಒಯ್ದವರಿಲ್ಲ. ದನದ ಕರುವಿಗೆ ಸಾಕ್ಷಿ ಹೇಳುವ ಡಾಕ್ಟರು ಬೇಕಿತ್ತು; ಮನುಷ್ಯನ ಕರುಳಿನ ಕುಡಿಗೂ ಬೇಕಿತ್ತು.

1982ರಲ್ಲಿ ಡಾಕ್ಟ್ರು ವಾಣೀನಗರಕ್ಕೆ ಬಂದು ಕೂತರು. ಆಗ ಕಾಸರಗೋಡು ಜಿಲ್ಲೆಯೂ ಆಗಿರಲಿಲ್ಲ, ಕಣ್ಣೂರು ಜಿಲ್ಲೆಯ ಉತ್ತರದ ತುದಿ. ಹಳ್ಳಿಯ ಡಾಕ್ಟರಿಗೆ ಬರುವ ಕೇಸುಗಳು ಯಾವುವೆಂದು ನಿಮಗೇ ಗೊತ್ತು. ಜ್ವರ, ಭೇದಿ, ಅಡಿಕೆ ಮರದಿಂದ ಬಿದ್ದವರು, ಹಾವು ಕಚ್ಚಿದವರು, ದಮ್ಮು. ಅವು ಇಲ್ಲಿಯೂ ಬಂದವು. ಅವುಗಳ ನಡುವೆ ಬೇರೆ ತರದವೂ ಬರತೊಡಗಿದವು: ಅಪಸ್ಮಾರ, ಬುದ್ಧಿ ಬೆಳೆಯದ ಮಕ್ಕಳು, ಮಾನಸಿಕ ಕಾಯಿಲೆ, ಹುಟ್ಟಿನಿಂದಲೇ ಅಂಗ ಊನ, ಕ್ಯಾನ್ಸರ್. ಇಂಥವು ಲೋಕದ ಎಲ್ಲ ಕಡೆಯೂ ಇವೆ. ಅವರನ್ನು ಕಾಡಿದ್ದು ರೋಗದ ಜಾತಿಗಿಂತ ಅದರ ಎಣಿಕೆ. ಇಷ್ಟು ಸಣ್ಣ ಊರಿಗೆ ಇಷ್ಟು ಯಾಕೆ?

ಈ ಪ್ರಶ್ನೆ ಪೇಟೆಯ ದೊಡ್ಡ ಆಸ್ಪತ್ರೆಗಳಲ್ಲಿ ಏಳುವ ಹಾಗೇ ಇರಲಿಲ್ಲ. ನಮ್ಮಲ್ಲಿ ಕಾಯಿಲೆ ಜೋರಾದರೆ ಮಂಗಳೂರಿಗೆ ಓಡುವುದು ರೂಢಿ. ಅಪಸ್ಮಾರದವನು ನರರೋಗದ ಡಾಕ್ಟರಲ್ಲಿಗೆ, ಕ್ಯಾನ್ಸರಿನವನು ಇನ್ನೊಬ್ಬರಲ್ಲಿಗೆ, ಬುದ್ಧಿ ಬೆಳೆಯದ ಮಗು ಮತ್ತೊಬ್ಬರಲ್ಲಿಗೆ. ಒಬ್ಬೊಬ್ಬರಿಗೂ ಅವರವರ ರೋಗಿ ಕಂಡರು. ಊರು ಯಾರಿಗೂ ಕಾಣಲಿಲ್ಲ. ಒಂದೇ ಬೆಂಚಿನ ಮೇಲೆ ಅಜ್ಜ, ಸೊಸೆ, ಮೊಮ್ಮಗು ಮೂವರನ್ನೂ ಕಂಡವರು ಹಳ್ಳಿಯ ಡಾಕ್ಟ್ರೊಬ್ಬರೇ. ರೋಗಿ ಎಲ್ಲಿಂದ ನಡೆದು ಬಂದ, ಅವನ ಮನೆಗೆ ಯಾವ ತೋಡಿನ ನೀರು ಎಂಬುದು ಅವರಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಬರೆದಿಡದೆ ಇರುವವರೇ ಹೆಚ್ಚು. ಇವರು ಎಣಿಸಿದರು, ಬರೆದಿಟ್ಟರು. ಹಾಗೆ ನೋಡುತ್ತಾ ಹೋದಾಗ ಕೊಡೆಂಕಿರಿ ತೋಡಿನ ಎರಡೂ ದಡದ ಮನೆಗಳಲ್ಲೇ ಕಾಯಿಲೆ ದಟ್ಟವಾಗಿರುವುದು ಕಂಡಿತು.

ಮೊದಲು ಅವರ ಅನುಮಾನ ಹೋದದ್ದು ನೀರಿನ ಮೇಲೆ. ನೆಲದೊಳಗೆ ಯಾವುದೋ ಖನಿಜ ಇರಬಹುದೇ, ಅದು ನೀರಿಗೆ ಇಳಿಯುತ್ತಿರಬಹುದೇ ಎಂದು. ವಿಚಾರದ ದಾರಿ ಸರಿಯಾಗಿತ್ತು. ನೀರಿಗೆ ಇಳಿಯುತ್ತಿದ್ದದ್ದು ಮಾತ್ರ ನೆಲದ ಒಳಗಿನದಾಗಿರಲಿಲ್ಲ. 1990ರ ದಶಕದಲ್ಲಿ ಅವರು ವೈದ್ಯ ಬಾಂಧವರ ಗಮನಕ್ಕೆ ತರಲು ಪತ್ರ ಬರೆದರು: ಇಲ್ಲಿ ಹೀಗಾಗುತ್ತಿದೆ, ಯಾರಾದರೂ ಬಂದು ನೋಡಿ. ಯಾರೂ ಬರಲಿಲ್ಲ.

ಊರಿನ ಒಳಗೆ ಆಗ ಏನು ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಮಗು ತಲೆ ನಿಲ್ಲಿಸಲಿಲ್ಲ ಅಂದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಿದ್ದರು. ನಾಗನ ದೋಷ ಎಂದು ಬಂದರೆ ತಂಬಿಲ, ಆಶ್ಲೇಷಾ ಬಲಿ. ಜಟಾಧಾರಿ ದೈವ ಮುನಿದಿದೆ ಎಂಬ ಮಾತು ಇತ್ತು. ಹೆಂಗಸರ ಕತೆ ಇನ್ನೂ ಕಷ್ಟ. ಮಗುವಿನ ಊನವನ್ನು ತಾಯಿಯ ಪಾಪಕ್ಕೆ ಕಟ್ಟುವವರಿದ್ದರು. ನೆಂಟರು ಬಂದರೆ ಮಗುವನ್ನು ಒಳಕೋಣೆಗೆ ಸೇರಿಸಿ ಬಾಗಿಲು ಎಳೆಯುತ್ತಿದ್ದರು. ಅಂಥ ಒಂದು ಕೋಣೆಯನ್ನು ನಾನು ನೋಡಿದ್ದೇನೆ. ಚಾಪೆ, ಅದರ ಮೇಲೆ ಹಳೆ ಸೀರೆಯ ಮಡಿಕೆ, ಸೊಳ್ಳೆ ಕೂರದಂತೆ ಬೀಸಲು ಒಂದು ಹಾಳೆಯ ಬೀಸಣಿಗೆ. ಮಗುವಿನ ವಯಸ್ಸು ಕೇಳಿದೆ. ತಾಯಿ ಹೇಳಿದ ವಯಸ್ಸಿಗೂ ಕಣ್ಣಿಗೆ ಕಾಣುವ ದೇಹಕ್ಕೂ ತಾಳೆಯೇ ಇರಲಿಲ್ಲ. “ಎಂತ ಮಾಡುವುದು, ನಾವು ಪಡೆದು ಬಂದದ್ದು” ಎಂದು ಆಕೆ ಅನ್ನುವಾಗ ಬೀಸಣಿಗೆ ನಿಲ್ಲಲಿಲ್ಲ. ಆ ಮನೆಯ ಸುರಂಗ ಗೇರು ಗುಡ್ಡೆಯ ಬುಡದಲ್ಲೇ ಇತ್ತು. ಆ ಎರಡನ್ನು ಜೋಡಿಸಿ ನೋಡುವುದು ಆಗ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕಾದರೆ ಪಕ್ಕದ ಮನೆಯಲ್ಲೂ, ಅದರಾಚೆಯ ಮನೆಯಲ್ಲೂ ಇಂಥದೇ ಕೋಣೆ ಇದೆ ಎಂದು ಗೊತ್ತಿರಬೇಕು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಎಲ್ಲ ಬಾಗಿಲುಗಳ ಒಳಗೂ ಹೋಗಿ ಬರುವ ಹಕ್ಕಿದ್ದದ್ದು ಡಾಕ್ಟರಿಗೆ ಮಾತ್ರ.

ಇಲ್ಲಿ ಸ್ವಲ್ಪ ನಿಲ್ಲಿಸಿ ಬಹಳ ದೂರದ ಒಬ್ಬ ಡಾಕ್ಟರರ ಮಾತು ಹೇಳುತ್ತೇನೆ. ಅಮೆರಿಕದ ಆಲಿಸ್ ಹ್ಯಾಮಿಲ್ಟನ್. ಹುಟ್ಟಿದ್ದು 1869ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದದ್ದು 1893ರಲ್ಲಿ. ಹೆಂಗಸರು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲ. 1897ರಲ್ಲಿ ಆಕೆ ಚಿಕಾಗೋದ ಹಲ್ ಹೌಸ್ ಎಂಬಲ್ಲಿ ವಾಸಕ್ಕೆ ಬಂದರು. ವಲಸೆ ಬಂದ ಬಡ ಕೂಲಿಗಳ ಕೇರಿಯ ನಡುವೆ ಜೇನ್ ಆಡಮ್ಸ್ ನಡೆಸುತ್ತಿದ್ದ ಮನೆ ಅದು. ಅಕ್ಕಪಕ್ಕದ ಗಂಡಸರಿಗೆ ಕೈ ಸೋತು ಜೋಲುವುದು, ಹೊಟ್ಟೆ ಹಿಂಡುವ ನೋವು, ತಲೆ ಕೆಡುವುದು. ಯಾವ ಕಾರ್ಖಾನೆಯೂ ನಮ್ಮಿಂದ ಎಂದು ಒಪ್ಪುತ್ತಿರಲಿಲ್ಲ. 1910ರಲ್ಲಿ ಇಲಿನಾಯ್ ರಾಜ್ಯ ಸೀಸದ ವಿಷದ ಬಗ್ಗೆ ಸಮೀಕ್ಷೆಗೆ ಅವರನ್ನು ನೇಮಿಸಿತು. ಅವರು ಕಾರ್ಖಾನೆಗೆ ಹೋದರು. ಅಲ್ಲಿಗೇ ನಿಲ್ಲಲಿಲ್ಲ, ಆಸ್ಪತ್ರೆಯ ಕಡತ ತಿರುವಿದರು, ಪಾದ್ರಿಗಳನ್ನು, ಔಷಧಿ ಅಂಗಡಿಯವರನ್ನು ಕೇಳಿದರು, ಕೂಲಿಗಳ ಮನೆಗಳಿಗೇ ನಡೆದರು.

ಅದರಲ್ಲಿ ಒಂದು ಪ್ರಸಂಗ ನನಗೆ ಮರೆಯುವುದಿಲ್ಲ. ಸ್ನಾನದ ತೊಟ್ಟಿಗೆ ಎನಾಮಲ್ ಬಳಿಯುವ ಒಬ್ಬ ಪೋಲಿಷ್ ಕಾರ್ಮಿಕ ಸೀಸದ ವಿಷದಿಂದ ಕುಸಿದಿದ್ದ. ಕಾರ್ಖಾನೆಗೆ ಹೋದರೆ ಅವರು ತೋರಿಸಿದ್ದು ಕೊನೆಯ ಹಂತದ ಅಂದಚಂದದ ಕೆಲಸವನ್ನು. ಅಲ್ಲಿ ವಿಷದ ಸುಳಿವೇ ಇಲ್ಲ. ಆಕೆ ಅವನ ಮನೆಗೆ ಹೋದಾಗ ಅವನೇ ಹೇಳಿದ: ನಿಜವಾದ ಎನಾಮಲ್ ಕೆಲಸ ಬೇರೆ ಕಡೆ ನಡೆಯುತ್ತದೆ, ಕೆಂಪಗೆ ಕಾದ ತೊಟ್ಟಿಯ ಮೇಲೆ ಪುಡಿ ಉದುರಿಸುವಾಗ ಆ ಧೂಳನ್ನೇ ನಾವು ಉಸಿರಾಡುವುದು. ಆ ಪುಡಿಯನ್ನು ಪರೀಕ್ಷೆಗೆ ಕಳಿಸಿದಾಗ ಅದರಲ್ಲಿ ಸೀಸ ಧಾರಾಳವಾಗಿ ಇತ್ತು. ಆ ಸಮೀಕ್ಷೆಯಲ್ಲಿ ಸೀಸ ಬಳಸುವ 77 ಬಗೆಯ ಕೆಲಸಗಳೂ ಸೀಸದ ವಿಷವೇರಿದ 578 ಪ್ರಕರಣಗಳೂ ಬೆಳಕಿಗೆ ಬಂದವು. 1919ರಲ್ಲಿ ಹಾರ್ವರ್ಡ್ ಅವರನ್ನು ಅಧ್ಯಾಪಕಿಯಾಗಿ ಕರೆಯಿತು, ಅಲ್ಲಿನ ಮೊದಲ ಮಹಿಳೆ. ಆದರೆ ಅಧ್ಯಾಪಕರ ಕ್ಲಬ್ಬಿಗೆ ಕಾಲಿಡಬಾರದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಬಾರದು ಎಂಬ ಷರತ್ತಿನೊಂದಿಗೆ! ಪೆಟ್ರೋಲಿಗೆ ಸೀಸ ಬೆರೆಸಬೇಡಿ ಎಂದು 1925ರಲ್ಲೇ ಅವರು ಎಚ್ಚರಿಸಿದ್ದರು. 101 ವರ್ಷ ಬದುಕಿ 1970ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ಡಿಸೆಂಬರಿನಲ್ಲಿ.

ಅವರ ಬದುಕಿನ ವಿವರ ಓದುವಾಗ ನನಗೆ ವಾಣೀನಗರವೇ ಕಂಡಿತು. ಅಲ್ಲಿ ಕಾರ್ಖಾನೆ, ಇಲ್ಲಿ ಗುಡ್ಡೆ. ರೋಗಿಯ ನಾಡಿ ಹಿಡಿದ ಮೇಲೆ ಅವನ ಮನೆಯ ದಾರಿಯನ್ನೂ ಹಿಡಿಯಬೇಕು ಎಂಬ ಬುದ್ಧಿ ಇಬ್ಬರಲ್ಲಿಯೂ ಒಂದೇ.

ಮತ್ತೆ ಊರಿಗೆ ಬರೋಣ. ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ ತಮ್ಮ ಮನೆಯ ಮೇಲೆ ಸುರಿಯುತ್ತಿದ್ದ ಮದ್ದಿನ ವಿರುದ್ಧ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಸರಕಾರಿ ಸಂಬಳ ತಿನ್ನುವ ಹೆಂಗಸು ಸರಕಾರಿ ತೋಟದ ಮೇಲೆ ದಾವೆ ಹೂಡುವುದು ಎಂಥ ಧೈರ್ಯ ಎಂದು ಈಗ ಯೋಚಿಸಿದರೂ ಮೈ ಜುಮ್ಮೆನ್ನುತ್ತದೆ. ತಡೆಯಾಜ್ಞೆ ತಂದರು. ಪಡ್ರೆಯ ಬದಿಯಲ್ಲಿ ಡಾಕ್ಟ್ರು, ಶ್ರೀ ಪಡ್ರೆ, ಊರಿನ ಹುಡುಗರು, ಮಾಸ್ತರರು ಸೇರಿ ಹೋರಾಟ ಸಮಿತಿ ಕಟ್ಟಿದರು. ಕೊನೆಯ ಬಾರಿ ಹೆಲಿಕಾಪ್ಟರು ಬಂದದ್ದು 2000ದ ಡಿಸೆಂಬರಿನ ಕೊನೆಯ ವಾರ. ಆ ಹೊತ್ತಿಗೆ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದವರ ಮುಖದಲ್ಲಿ ಜಾತ್ರೆಯ ಕಳೆ ಇರಲಿಲ್ಲ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. 2001ರ ಮೊದಲಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಬಂದು ನೀರು, ಮಣ್ಣು, ಹಾಲು, ಜನರ ರಕ್ತ ಎಲ್ಲವನ್ನೂ ಸಂಗ್ರಹಿಸಿ ಪರೀಕ್ಷಿಸಿದರು. ಎಲ್ಲದರಲ್ಲೂ ಎಂಡೋಸಲ್ಫಾನ್ ಇತ್ತು. ಕೂಡಲೇ ಬೇರೊಂದು ಪ್ರಯೋಗಾಲಯದ ವರದಿ ಬಂತು, ಏನೂ ಇಲ್ಲ ಎಂದು. ಊರು ಗಲಿಬಿಲಿಗೊಂಡಿತು. ಆಗ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಮಧ್ಯೆ ಬಂತು, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಪಡ್ರೆಗೆ ಇಳಿಯಿತು. ಇಲ್ಲಿನ ಶಾಲಾ ಹುಡುಗರನ್ನು ಸುಮಾರು 20 ಕಿಲೋಮೀಟರ್ ದೂರದ, ಸಿಂಪಡಣೆ ನಡೆಯದ ಮೀಂಜ ಪಂಚಾಯತಿಯ ಹುಡುಗರ ಜೊತೆ ಹೋಲಿಸಿ ನೋಡಿದರು. ಇಲ್ಲಿಯವರು 117, ಅಲ್ಲಿಯವರು 90. ಮದ್ದು ಬಿಟ್ಟು ಹತ್ತು ತಿಂಗಳು ಕಳೆದಿದ್ದರೂ ನಮ್ಮ ಹುಡುಗರ ರಕ್ತದಲ್ಲಿ ಅದು ಉಳಿದಿತ್ತು. ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಹಾರ್ಮೋನುಗಳಲ್ಲಿ ಏರುಪೇರಿತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಾಕ್ಟ್ರು ಕರೆದಾಗ ಬಾರದ ವಿಜ್ಞಾನ ಕೊನೆಗೂ ವಾಣೀನಗರದ ಶಾಲೆಯ ಬೆಂಚಿನ ಮೇಲೆ ಬಂದು ಕೂತಿತು.

ಮಕ್ಕಳು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ: ಎಲ್ಲ ಕಾಯಿಲೆಗೂ ಅದೇ ಕಾರಣ ಎಂದು ಖಂಡಿತವಾಗಿ ಹೇಳಬಹುದಾ? ಸರಿಯಾದ ಪ್ರಶ್ನೆ. ಒಬ್ಬ ರೋಗಿಯನ್ನು ತೋರಿಸಿ, ಇವನ ಕಾಯಿಲೆ ಆ ಮದ್ದಿನಿಂದಲೇ ಎಂದು ಪ್ರಮಾಣ ಮಾಡುವುದು ಯಾವ ಡಾಕ್ಟರಿಗೂ ಕಷ್ಟ. ಒಪ್ಪದ ವಿಜ್ಞಾನಿಗಳು ಈಗಲೂ ಇದ್ದಾರೆ, ಅವರ ವಾದವನ್ನೂ ಓದಬೇಕು. ಆದರೆ ಎಂಡೋಸಲ್ಫಾನ್ ನರಮಂಡಲದ ಮೇಲೆ ಎರಗುವ ವಿಷ, ಮೆದುಳನ್ನು ಶಾಂತವಾಗಿಡುವ ಸಂಕೇತಗಳನ್ನೇ ತಡೆದು ಸೆಳವು ತರಿಸಬಲ್ಲದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅಂಥದನ್ನು ಜನ ಕುಡಿಯುವ ನೀರಿನ ತಲೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಕಾಶದಿಂದ ಸುರಿದದ್ದು ತಪ್ಪು ಎಂದು ಹೇಳಲು ನನಗೆ ಇನ್ನೊಂದು ವರದಿ ಬೇಕಾಗಿಲ್ಲ.

ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ ಮಲಯಾಳದಲ್ಲಿ ‘ಎನ್ಮಕಜೆ’ ಎಂಬ ಕಾದಂಬರಿ ಬರೆದರು. ನಮ್ಮ ಪಂಚಾಯತಿಯ ಹೆಸರು ಇಡೀ ಕೇರಳದ ಬಾಯಿಗೆ ಬಂದದ್ದು ಹಾಗೆ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ದೇಶಗಳು ಸೇರಿ ಈ ಮದ್ದನ್ನು ಲೋಕದಿಂದಲೇ ನಿವಾರಿಸಬೇಕಾದ ವಿಷಗಳ ಪಟ್ಟಿಗೆ ಹಾಕಿದವು. ಅದನ್ನು ಅತಿ ಹೆಚ್ಚು ತಯಾರಿಸುತ್ತಿದ್ದ ನಮ್ಮ ದೇಶ ಕೊನೆಯವರೆಗೂ ನಿಷೇಧ ಬೇಡವೆಂದು ಹಟ ಹಿಡಿದಿತ್ತು. ಅದೇ ಹೊತ್ತಿಗೆ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. ಗಡಿಯಾಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ಗುಡ್ಡೆಗಳಿದ್ದವು, ಅಲ್ಲೂ ಇಂಥದೇ ಕೋಣೆಗಳಿದ್ದವು; ಅಲ್ಲಿಯವರ ಹೋರಾಟದ ಕತೆ ಇನ್ನೊಂದು ರಾತ್ರಿಗೆ ಆಗುವಷ್ಟಿದೆ.

ನಿಷೇಧ ಬಂದ ದಿನ ಪಟಾಕಿ ಹೊಡೆದವರೂ ಇದ್ದಾರೆ. ಆದರೆ ಮಲಗಿದ್ದ ಮಕ್ಕಳು ಎದ್ದು ನಡೆಯಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ಕೋರ್ಟು ರಾಜ್ಯ ಸರಕಾರವನ್ನು ಕರೆದು ಗದರಬೇಕಾಯಿತು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಲೆಕ್ಟರ್ ಕಚೇರಿಯ ಮುಂದೆ, ಸೆಕ್ರೆಟೇರಿಯೆಟ್ಟಿನ ಮುಂದೆ ಎಷ್ಟು ಸಲ ಕೂತರೋ. ಆ ತಾಯಂದಿರಿಗೆ ಈಗ ವಯಸ್ಸಾಗಿದೆ. ನಾವು ಹೋದ ಮೇಲೆ ಇವರನ್ನು ನೋಡುವವರು ಯಾರು ಎಂಬುದೇ ಅವರ ಬಾಯಲ್ಲಿ ಬರುವ ಮಾತು.

ಡಾಕ್ಟ್ರು ಮಾಡಿದ ಕೆಲಸಕ್ಕೆ ದೊಡ್ಡ ಯಂತ್ರ ಬೇಕಾಗಿರಲಿಲ್ಲ, ದೊಡ್ಡ ಪದವಿಯೂ ಬೇಕಾಗಿರಲಿಲ್ಲ. ಎಂಬಿಬಿಎಸ್ ಓದಿ, ಒಂದೇ ಊರಿನಲ್ಲಿ ಗಟ್ಟಿಯಾಗಿ ನಿಂತು, ಕಂಡದ್ದನ್ನು ಬರೆದಿಟ್ಟು, ಯಾರೂ ಕೇಳದಿದ್ದರೂ ಹೇಳುತ್ತಲೇ ಇರುವುದು. ಅವರು ವರ್ಷ ಎರಡು ವರ್ಷ ಇದ್ದು ಪೇಟೆಗೆ ಹೊರಟುಹೋಗುವವರಾಗಿದ್ದರೆ ಕೊಡೆಂಕಿರಿ ತೋಡಿನ ಮನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಅವರಿಗೂ ಆಗುತ್ತಿರಲಿಲ್ಲ. ಊರಿನ ಮಟ್ಟಿಗೆ ನನ್ನ ತೀರ್ಮಾನ ಇಷ್ಟೇ: ನಮ್ಮನ್ನು ಮೊದಲು ಉಳಿಸಿದ್ದು ಕೋರ್ಟಲ್ಲ, ಸರಕಾರವಲ್ಲ, ಒಂದೇ ಕಡೆ ನಿಂತ ಒಬ್ಬ ಡಾಕ್ಟರ ತಾಳ್ಮೆ.

ಈಗ ಬದಿಯಡ್ಕದ ಹತ್ತಿರ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಎದ್ದಿದೆ. ಅಲ್ಲಿಂದ ಪೆರ್ಲ ದೂರವಿಲ್ಲ, ಪೆರ್ಲದಿಂದ ವಾಣೀನಗರವೂ ದೂರವಿಲ್ಲ. ಅಲ್ಲಿ ಓದುವ, ಕಲಿಸುವ ಡಾಕ್ಟರುಗಳಲ್ಲಿ ನನ್ನದೊಂದು ಕೇಳಿಕೆ. ಬಿಡುವಾದಾಗ ಈ ಬೈಲುಗಳಿಗೆ ಇಳಿದು ಬನ್ನಿ. ಸುರಂಗದ ನೀರನ್ನು ಈಗಲೂ ಪರೀಕ್ಷಿಸಿ, ಆಗಿನ ಹುಡುಗರು ಈಗ ಅಪ್ಪಂದಿರಾಗಿದ್ದಾರೆ, ಅವರನ್ನೂ ಅವರ ಮಕ್ಕಳನ್ನೂ ನೋಡಿ, ಬರೆದಿಡಿ. ರೋಗಿಯ ಚೀಟಿಯಲ್ಲಿ ಹೆಸರು, ವಯಸ್ಸು ಬರೆಯುವಾಗ ಕುಡಿಯುವ ನೀರು ಎಲ್ಲಿಯದು ಎಂಬ ಒಂದು ಸಾಲನ್ನೂ ಸೇರಿಸಿ.